ಹತ್ತಕ್ಕೆ ಎದುರಾಗಿ ಒಂದು

ಮಳವಳ್ಳಿ, ಮದ್ದೂರುಗಳ ಬಯಲುಗಳಲ್ಲಿ ಹುಡುಗರು ಬರಿಗಾಲಿನಲ್ಲಿ ಚೆಂಡನ್ನೊದೆಯುವುದನ್ನು ಕಂಡಾಗಲೆಲ್ಲ ನನಗೆ ಅಹಮದ್ ಖಾನರ ನೆನಪು ಬರುತ್ತದೆ. ನಮ್ಮ ಜಿಲ್ಲೆಯ ಎಷ್ಟು ಮಂದಿ ಆ ಹೆಸರನ್ನು ಕೇಳಿರುವರೋ!

ಅವರು 1926ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದರು. 1948ರ ಲಂಡನ್ ಒಲಿಂಪಿಕ್ ಕ್ರೀಡೆಗಳಲ್ಲಿ ಭಾರತದ ಮುಂಚೂಣಿಯಲ್ಲಿ ಆಡಿದರು. ಫ್ರಾನ್ಸಿನೆದುರು ನಮ್ಮವರು 1-2ರಿಂದ ಸೋತರು. ನಮ್ಮ ಏಕೈಕ ಗೋಲನ್ನು ಗಳಿಸಿದವರು ಬೆಂಗಳೂರಿನವರೇ ಆದ ಸಾರಂಗಪಾಣಿ ರಾಮನ್.

ಮರುವರ್ಷ ಅಹಮದ್ ಖಾನರು ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡವನ್ನು ಸೇರಿದರು. ನುಡಿ ಬೇರೆ, ಊಟ ಬೇರೆ, ಮಳೆಗಾಲದ ಕೆಸರಿನ ಮೈದಾನವೂ ಬೇರೆ. ಆದರೂ ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೇ ಇವರೊಡನೆ ಸೇರಿ 'ಪಂಚಪಾಂಡವ'ರಲ್ಲಿ ಒಬ್ಬರೆನಿಸಿದರು. 1949ರಿಂದ 1951ರವರೆಗೆ ಸತತವಾಗಿ ಮೂರು ಬಾರಿ ಐ.ಎಫ್.ಎ. ಷೀಲ್ಡ್ ಆ ತಂಡದ ಪಾಲಾಯಿತು. 1951ರಲ್ಲಿ ದೆಹಲಿಯ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿಯೂ ಅವರಿದ್ದರು.

1952ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ, ಹೆಚ್ಚಿನವರು ಬರಿಗಾಲಿನಲ್ಲೇ ಆಡಿ, ಯುಗೊಸ್ಲಾವಿಯದೆದುರು 1-10ರಿಂದ ಸೋತರು. ಆ ಸೋಲಿನ ಬಳಿಕ ನಮ್ಮ ಆಟಗಾರರಿಗೆ ಬೂಟು ಕಡ್ಡಾಯವಾಯಿತು. ಎದುರಾಳಿಗಳು ಹೊಡೆದ ಹತ್ತು ಗೋಲುಗಳನ್ನು ಚರಿತ್ರೆ ಎಣಿಸಿ ಹೇಳುತ್ತದೆ. ನಮ್ಮ ಆ ಒಂದನ್ನು ಹೊಡೆದವರು ಅಹಮದ್ ಖಾನರೆಂಬುದನ್ನು ಮಾತ್ರ ಮರೆಯುತ್ತದೆ.

2017ರಲ್ಲಿ ಅವರು ತೀರಿಕೊಂಡರು. ಜನ್ಮ ಕೊಟ್ಟ ಊರು ನಮ್ಮದು, ಹೆಸರು ಕೊಟ್ಟ ಊರು ಕಲ್ಕತ್ತೆ. ಪ್ರತಿಭೆ ಪರಸ್ಥಳಕ್ಕೆ ಹೋಗಿ ಬೆಳಗುವುದು ತಪ್ಪಲ್ಲ. ಹೋದವನನ್ನು ಮನೆಯವರೇ ಮರೆತುಬಿಡುವುದು ತಪ್ಪು. ಮಂಡ್ಯದ ಉಪಾಧ್ಯಾಯರು ಆಟದ ಅವಧಿಯಲ್ಲಿ ಒಮ್ಮೆಯಾದರೂ ಈ ಹೆಸರನ್ನು ಹುಡುಗರಿಗೆ ಹೇಳಲಿ ಎಂಬುದೇ ನನ್ನ ಬಿನ್ನಹ.