ಊಟವೂ ಉರಿಯೂತವೂ

ಅಡಿಕೆ ಸುಲಿತದ ಕಾಲ ಬಂತೆಂದರೆ ನಮ್ಮ ಸೀಮೆಯ ಮನೆಗಳಲ್ಲಿ ರಾತ್ರಿ ಹನ್ನೆರಡಾದರೂ ದೀಪ ಆರುವುದಿಲ್ಲ. ಚಪ್ಪರದ ಕೆಳಗೆ ಮೆಟ್ಟುಗತ್ತಿಗಳ ಸಾಲು, ನಡುವೆ ಅಡಿಕೆಯ ರಾಶಿ, ಗಂಟೆಗೊಮ್ಮೆ ಕಾಫಿ, ಕಾಫಿಯ ಜೊತೆಗೆ ಕರಿದ ತಿಂಡಿ, ಅದು ಮುಗಿಯುತ್ತಲೇ ಕವಳದ ಹರಿವಾಣ. ನಾವೂ ಈ ಸಾಲಿನಲ್ಲಿ ಕುಳಿತೇ ಬೆಳೆದವರು. ಮೂವತ್ತು ವರ್ಷ ಕವಳ ಹಾಕಿದ್ದೇವೆ. ದಿನಕ್ಕೆ ಆರು ಲೋಟ ಕಾಫಿ ಕುಡಿದಿದ್ದೇವೆ. ಇದರಿಂದ ಕೆಡುಕಾದೀತೆಂದು ಒಮ್ಮೆಯೂ ಯೋಚಿಸಿದವರಲ್ಲ.

ಕಳೆದ ಮಳೆಗಾಲದಲ್ಲಿ ಒಂದು ದಿನ ಊಟಕ್ಕೆ ಕುಳಿತಾಗ ಸೂಜಿಮೆಣಸಿನ ಚಟ್ನಿ ತಾಗುತ್ತಲೇ ಬಾಯೆಲ್ಲ ಉರಿ ಹತ್ತಿತು. ಮೊದಲು ಮೆಣಸಿನ ಮೇಲೆ ತಪ್ಪು ಹೊರಿಸಿದೆವು. ತಿಂಗಳಾದರೂ ಉರಿ ಹೋಗಲಿಲ್ಲ. ಕೊನೆಗೆ ಪೇಟೆಯ ದಂತವೈದ್ಯರ ಬಳಿಗೆ ಹೋದಾಗ ಅವರು ನಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದು ಬರುವಂತೆ ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ ಇಡಲು ಹೇಳಿದರು. ಎರಡು ಬೆರಳು ಹೋದವು, ಮೂರನೆಯದು ಹೋಗಲಿಲ್ಲ. ಆ ದಿನದಿಂದ ಈ ವಿಷಯವನ್ನು ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡದ್ದನ್ನು ಸದಸ್ಯ ಬಾಂಧವರ ಮುಂದಿಡುತ್ತಿದ್ದೇವೆ.

ಉರಿಯೂತವೆಂದರೇನು?

ಹೆಸರೇ ಹೇಳುವಂತೆ ಇದು ಉರಿ ಮತ್ತು ಊತ. ಕತ್ತಿ ತಾಗಿದ ಬೆರಳು ಕೆಂಪಾಗುತ್ತದೆ, ಬಿಸಿಯಾಗುತ್ತದೆ, ಊದಿಕೊಳ್ಳುತ್ತದೆ, ನೋಯುತ್ತದೆ. ಈ ನಾಲ್ಕು ಲಕ್ಷಣಗಳನ್ನು ರೋಮಿನ ಸೆಲ್ಸಸ್ ಎಂಬ ಗ್ರಂಥಕರ್ತನು ಸುಮಾರು 2000 ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾನೆ. ಇದು ರೋಗವಲ್ಲ, ರಕ್ಷಣೆ. ರಕ್ತದ ಬಿಳಿಯ ಕಣಗಳು ಗಾಯದ ಜಾಗಕ್ಕೆ ಬಂದು, ಹೊಕ್ಕ ಕ್ರಿಮಿಗಳನ್ನು ಕೊಂದು, ಹಾಳಾದದ್ದನ್ನು ತೆಗೆದು ಹಾಕುತ್ತವೆ. ಕೆಲಸ ಮುಗಿದ ಮೇಲೆ ಉರಿ ತಾನಾಗಿ ಆರುತ್ತದೆ.

ಇನ್ನೊಂದು ಬಗೆಯ ಉರಿಯೂತವು ಬೂದಿ ಮುಚ್ಚಿದ ಕೆಂಡದಂತೆ. ಮೇಲೆ ನೋವಿಲ್ಲ, ಕೆಂಪಿಲ್ಲ. ಆದರೆ ರಕ್ತನಾಳದ ಒಳಗೋಡೆ, ಪಿತ್ತಜನಕಾಂಗ, ಕೀಲು, ಒಸಡು ಮುಂತಾದ ಕಡೆ ವರ್ಷಗಟ್ಟಲೆ ಸಣ್ಣಗೆ ಸುಡುತ್ತಿರುತ್ತದೆ. ಹೃದಯಾಘಾತ, ಸಕ್ಕರೆ ಕಾಯಿಲೆಗಳ ಹಿಂದೆ ಇದರ ಪಾತ್ರವಿದೆ ಎಂಬುದನ್ನು ವೈದ್ಯಲೋಕ ಈಗ ಒಪ್ಪಿದೆ. ಇದನ್ನು ಅಂದಾಜು ಮಾಡಲು ಒಂದು ರಕ್ತಪರೀಕ್ಷೆಯೂ ಇದೆ. ಸಿ-ರಿಯಾಕ್ಟಿವ್ ಪ್ರೋಟೀನ್ ಎಂಬ ವಸ್ತುವನ್ನು 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬುವರು ನ್ಯೂಮೋನಿಯಾ ರೋಗಿಗಳ ರಕ್ತದಲ್ಲಿ ಗುರುತಿಸಿದರು. ಹೃದಯದ ಮಟ್ಟಿಗೆ ಹೇಳುವುದಾದರೆ, ಅದು ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಅಪಾಯ ಕಡಿಮೆ, 3ಕ್ಕಿಂತ ಹೆಚ್ಚಿದ್ದರೆ ಅಪಾಯ ಹೆಚ್ಚು. ನೆಗಡಿ ಜ್ವರ ಬಂದಾಗಲೂ ಅದು ಏರುವುದರಿಂದ ವೈದ್ಯರೇ ನೋಡಿ ಅರ್ಥ ಹೇಳಬೇಕು.

ಈ ಕೆಂಡಕ್ಕೆ ದಿನದಿನವೂ ಕಡ್ಡಿ ಇಡುತ್ತಿರುವವರು ನಾವೇ.

ತಪ್ಪು ಕಾಫಿಯದಲ್ಲ, ಸಕ್ಕರೆಯದು

ಕಾಫಿ ಬೆಳೆಗಾರರಿಗೆ ಮೊದಲು ಒಂದು ಸಮಾಧಾನದ ಮಾತು. ಕಾಫಿ ಕುಡಿದರೆ ಕ್ಯಾನ್ಸರ್ ಬರುತ್ತದೆ ಎನ್ನಲು ಸಾಕಷ್ಟು ಆಧಾರವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ತೀರ್ಮಾನಿಸಿ, ಹಿಂದಿನ ಶಂಕೆಯನ್ನು ಹಿಂದಕ್ಕೆ ಪಡೆಯಿತು. ಆದರೆ 65 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ ಯಾವುದೇ ಪಾನೀಯ ಅನ್ನನಾಳಕ್ಕೆ ಕೆಡುಕಾಗಬಹುದೆಂದೂ ಅದೇ ವರದಿ ಹೇಳಿತು. ಕುದಿಯುವ ಕಾಫಿಯನ್ನು ಹಾಗೆಯೇ ಗಂಟಲಿಗೆ ಸುರಿಯುವವರು ಸ್ವಲ್ಪ ತಾಳಿಕೊಳ್ಳುವುದು ಲೇಸು.

ಲೆಕ್ಕ ಹಾಕಬೇಕಾದದ್ದು ಸಕ್ಕರೆಯನ್ನು. ಲೋಟಕ್ಕೆ ಎರಡು ಚಮಚದಂತೆ ಆರು ಲೋಟಕ್ಕೆ ಹನ್ನೆರಡು ಚಮಚ, ಅಂದರೆ ಸುಮಾರು 50 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಮಿತಿಯೂ ಸಾಧಾರಣ ಆಹಾರದವರಿಗೆ ಹೆಚ್ಚುಕಡಿಮೆ ಇಷ್ಟೇ. 25 ಗ್ರಾಂಗೆ ಇಳಿಸಿದರೆ ಇನ್ನೂ ಒಳ್ಳೆಯದೆಂದು ಅದು ಸೇರಿಸಿದೆ. ಹೋಳಿಗೆ, ಬಿಸ್ಕತ್ತು, ಶರಬತ್ತುಗಳ ಮಾತೆತ್ತುವ ಮೊದಲೇ ಕಾಫಿಯೊಂದರಲ್ಲೇ ನಮ್ಮ ಪಾಲು ಮುಗಿದಿರುತ್ತದೆ. ಬೆಲ್ಲಕ್ಕೂ ಈ ಲೆಕ್ಕದಿಂದ ವಿನಾಯಿತಿಯಿಲ್ಲ.

ಹೀಗೆ ಹೆಚ್ಚಾದದ್ದು ಕೊಬ್ಬಾಗಿ ಪಿತ್ತಜನಕಾಂಗದಲ್ಲಿಯೂ ಹೊಟ್ಟೆಯ ಸುತ್ತಲೂ ಸೇರುತ್ತದೆ. ಈ ಕೊಬ್ಬು ಕಣಜದಲ್ಲಿ ತುಂಬಿಟ್ಟ ಭತ್ತದಂತೆ ಸುಮ್ಮನಿರುವುದಿಲ್ಲ. ಉರಿಯೂತವನ್ನು ಪ್ರಚೋದಿಸುವ ವಸ್ತುಗಳನ್ನು ಅದು ರಕ್ತಕ್ಕೆ ಬಿಡುತ್ತದೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 1993ರಲ್ಲಿ ಬೊಜ್ಜು ಬಂದ ಇಲಿಗಳಲ್ಲಿ ಇದನ್ನು ಕಂಡರು. ಸೊಂಟದ ಪಟ್ಟಿ ಒಂದು ತೂತು ಹಿಂದಕ್ಕೆ ಹೋದರೆ ಅದು ದರ್ಜಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ.

ತಟ್ಟೆಯಲ್ಲಿ ಆದ ಬದಲಾವಣೆ

ನಮ್ಮ ತಂದೆಯವರ ಕಾಲದಲ್ಲಿ ಕುಚ್ಚಲಕ್ಕಿಯ ಗಂಜಿ ಉಂಡು ಬೆಟ್ಟಕ್ಕೆ ಹೋಗಿ ಸೊಪ್ಪಿನ ಹೊರೆ ತರುತ್ತಿದ್ದರು. ಈಗ ಕಳೆ ಹೊಡೆಯಲು ಯಂತ್ರ, ಪೇಟೆಗೆ ಹೋಗಲು ವಾಹನ. ಕೆಲಸ ಅರ್ಧವಾಗಿದೆ, ಅನ್ನದ ರಾಶಿ ಮಾತ್ರ ಹಾಗೆಯೇ ಇದೆ, ಅದೂ ಪಾಲಿಶ್ ಮಾಡಿದ ಅಕ್ಕಿ. ಕಡಿಮೆಯಾದದ್ದು ಸೊಪ್ಪು, ಕಾಳು ಮತ್ತು ತರಕಾರಿ. ಇವುಗಳ ನಾರಿನಂಶವನ್ನು ನಮ್ಮ ಕರುಳಿನಲ್ಲಿರುವ ಸೂಕ್ಷ್ಮಜೀವಿಗಳು ಉಂಡು, ಕರುಳಿನ ಗೋಡೆಗೆ ಹಿತವಾದ, ಉರಿಯನ್ನು ಶಮನ ಮಾಡುವ ಆಮ್ಲಗಳನ್ನು ತಯಾರಿಸುತ್ತವೆ. ತೋಟದ ಮಣ್ಣಿಗೆ ಸೊಪ್ಪು ಗೊಬ್ಬರ ಏಕೆ ಬೇಕೆಂದು ತಿಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದಿನಕ್ಕೆ 400 ಗ್ರಾಂ ಹಣ್ಣು ತರಕಾರಿ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಬಸಳೆ, ಹರಿವೆ, ನುಗ್ಗೆ, ಕೆಸು ಹಿತ್ತಲಿನಲ್ಲೇ ಬೆಳೆಯುತ್ತವೆ. ಬಾಳೆ, ಪಪ್ಪಾಯಿ ತೋಟದಲ್ಲೇ ಇವೆ. ಒಂದೆಲಗ, ದೊಡ್ಡಪತ್ರೆಗಳ ತಂಬುಳಿಗೆ ಮಜ್ಜಿಗೆಯೊಂದಿದ್ದರೆ ಸಾಕು. ಆದರೂ ಪೇಟೆಯಿಂದ ಬರುವಾಗ ಚೀಲದಲ್ಲಿರುವುದು ಬೇಕರಿ ತಿಂಡಿ.

ಕರಿದ ಎಣ್ಣೆಯ ಬಗ್ಗೆಯೂ ಒಂದು ಮಾತು. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಕೆಟ್ಟ ವಸ್ತುಗಳು ಹೆಚ್ಚುತ್ತವೆ. ಇವು ನೂರಕ್ಕೆ 25 ಪಾಲು ಮೀರಿದ ಎಣ್ಣೆಯನ್ನು ಅಂಗಡಿ ಹೋಟೆಲುಗಳು ಬಳಸಬಾರದೆಂದು 2018ರಿಂದ ನಿಯಮವಿದೆ. ಸುಲಿತದ ವಾರವೆಲ್ಲ ಒಂದೇ ಬಾಣಲೆಯ ಎಣ್ಣೆಯಲ್ಲಿ ಹಪ್ಪಳ, ಬೋಂಡ ಕರಿಯುವ ನಮ್ಮ ಅಡಿಗೆಮನೆಗೆ ಇನ್ಸ್‌ಪೆಕ್ಟರರು ಬರುವುದಿಲ್ಲ. ನಾವೇ ನೋಡಿಕೊಳ್ಳಬೇಕು.

ಅರಿಸಿನ ಮತ್ತು ಮೆಣಸಿನ ವಿಷಯವನ್ನು ಹಲವರು ಕೇಳುತ್ತಾರೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅರಿಸಿನದ ಸತ್ವವಾದ ಕರ್ಕ್ಯುಮಿನ್ 2 ಗ್ರಾಂ ಜೊತೆಗೆ ಕರಿಮೆಣಸಿನ ಸತ್ವ 20 ಮಿಲಿಗ್ರಾಂ ಕೊಟ್ಟಾಗ ಅದು ರಕ್ತಕ್ಕೆ ಸೇರುವ ಪ್ರಮಾಣ ಸುಮಾರು ಇಪ್ಪತ್ತು ಪಟ್ಟು ಹೆಚ್ಚಿತು. ಮೆಣಸು ಬೆಳೆಯುವ ನಮಗೆ ಇದು ಸಂತೋಷದ ಸುದ್ದಿಯೇ. ಆದರೆ ಅರಿಸಿನ ಪುಡಿಯಲ್ಲಿ ಆ ಸತ್ವವಿರುವುದು ನೂರಕ್ಕೆ ಮೂರು ಪಾಲಿನಷ್ಟು. 2 ಗ್ರಾಂ ಬೇಕಾದರೆ 60 ಗ್ರಾಂಗೂ ಹೆಚ್ಚು ಪುಡಿ ತಿನ್ನಬೇಕಾದೀತು! ಸಾರಿಗೆ ಹಾಕುವ ಚಿಟಿಕೆ ಅರಿಸಿನ ರುಚಿಗೆ, ಹಿತಕ್ಕೆ. ಅದನ್ನು ನಂಬಿ ಯಾರೂ ಮಾತ್ರೆ ನಿಲ್ಲಿಸಬಾರದು.

ಹರಿವಾಣದ ಮಾತು

ಇನ್ನು ಹೇಳಲು ಕಷ್ಟವಾದ ಮಾತು. ಪೂರ್ವ ಆಫ್ರಿಕದಲ್ಲಿ ನೆಲೆಸಿದ್ದ ಭಾರತೀಯ ಮೂಲದ ಐವರು ಮಹಿಳೆಯರ ಬಾಯಿ ಬರಬರುತ್ತಾ ಬಿಗಿದುಕೊಂಡದ್ದನ್ನು 1952ರಲ್ಲಿ ಶ್ವಾರ್ಟ್ಜ್ ಎಂಬ ವೈದ್ಯರು ವರದಿ ಮಾಡಿದರು. ಮರುವರ್ಷ ಮುಂಬಯಿಯ ಜೋಶಿ ಎಂಬ ವೈದ್ಯರು ಇದೇ ರೋಗವನ್ನು ಇಲ್ಲಿ ಗುರುತಿಸಿ 'ಸಬ್‌ಮ್ಯೂಕಸ್ ಫೈಬ್ರೋಸಿಸ್' ಎಂದು ಹೆಸರಿಟ್ಟರು. ಬಾಯಿಯ ಒಳಪದರದಲ್ಲಿ ಮೊದಲು ಉರಿಯೂತ, ಆಮೇಲೆ ನಾರುಕಟ್ಟು. ಇದಕ್ಕೆ ಮುಖ್ಯ ಕಾರಣ ಅಡಿಕೆ ಎಂಬುದು ಈಗ ಸ್ಥಿರಪಟ್ಟಿದೆ.

ಇದು ಆಗುವ ಬಗೆಯನ್ನು ಅಡಿಕೆ ಬೆಳೆಗಾರರು ಬೇಗ ತಿಳಿಯಬಲ್ಲರು. ಅಡಿಕೆಯಲ್ಲಿರುವ ಅರಿಕೋಲಿನ್ ಎಂಬ ವಸ್ತು ಕೆನ್ನೆಯೊಳಗಿನ ಜೀವಕೋಶಗಳು ಅತಿಯಾಗಿ ನಾರು ಹೆಣೆಯುವಂತೆ ಮಾಡುತ್ತದೆ. ಅದೇ ಅಡಿಕೆಯ ಒಗರು, ಎಂದರೆ ನಾವು ಬೇಯಿಸಿ ತೆಗೆಯುವ ಚೊಗರಿನ ಸಾರ, ಆ ನಾರು ಕರಗದಂತೆ ಗಟ್ಟಿಮಾಡುತ್ತದೆ. ಇಂಥ ಒಗರಿನ ವಸ್ತುಗಳಿಂದಲೇ ಚರ್ಮ ಹದ ಮಾಡುವುದುಂಟು. ಹಸಿ ಚರ್ಮಕ್ಕೆ ಆಗುವುದೇ ಸ್ವಲ್ಪ ಮಟ್ಟಿಗೆ ನಮ್ಮ ಕೆನ್ನೆಯ ಒಳಗೂ ಆಗುತ್ತದೆ.

"ಕೆಡುಕೆಲ್ಲ ಹೊಗೆಸೊಪ್ಪಿನದು, ಅಡಿಕೆಯದಲ್ಲ" ಎಂದು ನಾವೂ ವಾದಿಸಿದ್ದೆವು. 1985ರಲ್ಲಿ ಮೇಲೆ ಹೇಳಿದ ಕ್ಯಾನ್ಸರ್ ಸಂಶೋಧನಾ ವಿಭಾಗ ದೋಷ ಹೇಳಿದ್ದು ಹೊಗೆಸೊಪ್ಪು ಸೇರಿದ ಕವಳಕ್ಕೆ ಮಾತ್ರ. 2004ರಲ್ಲಿ ಪ್ರಕಟವಾದ ಅದರ ಗ್ರಂಥ ಹೊಗೆಸೊಪ್ಪಿಲ್ಲದ ಕವಳವನ್ನೂ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು.

ಈ ಲೇಖನದ ಸುದ್ದಿ ತಿಳಿದ ಹಿರಿಯ ಸದಸ್ಯರೊಬ್ಬರು ಕಚೇರಿಗೆ ಬಂದು, "ಏನು ಸೆಕ್ರೆಟರಿಗಳೇ, ನಮ್ಮ ಅನ್ನಕ್ಕೆ ನೀವೇ ಮಣ್ಣು ಹಾಕ್ತೀರಾ?" ಎಂದರು. ಅವರ ಆತಂಕ ಸುಳ್ಳಲ್ಲ. ನಮ್ಮ ಮನೆಯೂ ನಡೆಯುವುದು ಅಡಿಕೆಯಿಂದಲೇ. ಆದರೆ ನಮ್ಮ ಮನೆಗೆ ಇಪ್ಪತ್ತು ವರ್ಷಗಳಿಂದ ಸುಲಿಯಲು ಬರುವ ಹೆಂಗಸೊಬ್ಬರು ಈ ಸಲ ಊಟದ ಹೊತ್ತಿನಲ್ಲಿ ತಟ್ಟೆ ಮುಟ್ಟಲಿಲ್ಲ. "ಬಾಯಿ ಬಿಡಕ್ಕಾಗಲ್ಲ ಅಯ್ಯಾ, ಗಂಜಿ ಇದ್ರೆ ಸಾಕು" ಎಂದರು. ಅವರ ಬಾಯಿ ಒಂದು ಬೆರಳಿಗಿಂತ ಹೆಚ್ಚು ತೆರೆಯುವುದಿಲ್ಲ. ಈ ಇಪ್ಪತ್ತು ವರ್ಷವೂ ಕೂಲಿಯ ಜೊತೆಗೆ ಎಲೆ-ಅಡಿಕೆ-ಹೊಗೆಸೊಪ್ಪು ಕೊಟ್ಟವರು ನಾವು. ಹಿರಿಯರಿಗೆ ನಾವು ಹೇಳಿದ್ದು ಇಷ್ಟೇ: ಕೊಳೆ ಬಂದ ಕೊನೆಯನ್ನು ಮುಚ್ಚಿಟ್ಟರೆ ಕೊಳೆ ನಿಲ್ಲುವುದಿಲ್ಲ. ಮಾರುಕಟ್ಟೆಯ ಮಾತನ್ನು ಸಂಘ ಮಾರುಕಟ್ಟೆಯಲ್ಲಿ ಆಡಲಿ, ಮನೆಯ ಮಾತನ್ನು ಮನೆಯಲ್ಲಿ ಆಡೋಣ.

ಮಾಡಬಹುದಾದದ್ದು

1. ವಾರಕ್ಕೊಮ್ಮೆ ಕನ್ನಡಿಯ ಮುಂದೆ ಮೂರು ಬೆರಳಿನ ಪರೀಕ್ಷೆ ಮಾಡಿಕೊಳ್ಳಿ. ಮನೆಯವರಿಗೂ ಕೆಲಸದವರಿಗೂ ಮಾಡಿಸಿ. ಬಾಯಿ ಉರಿ, ಕೆನ್ನೆಯೊಳಗೆ ಬಿಳಿಚಿಕೊಂಡ ಜಾಗ, ಎರಡು ವಾರ ಕಳೆದರೂ ಮಾಯದ ಹುಣ್ಣು ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ.

2. ಕವಳ ಬಿಡಿ. ಆದ ಬಿಗಿತ ಪೂರ್ತಿ ಹಿಂದಕ್ಕೆ ಬರುವುದು ಕಷ್ಟ, ಮುಂದಕ್ಕೆ ಹೋಗದಂತೆ ತಡೆಯಬಹುದು.

3. ಕಾಫಿಯ ಸಕ್ಕರೆಯನ್ನು ತಿಂಗಳಿಗೆ ಅರ್ಧ ಚಮಚದಂತೆ ಇಳಿಸಿ. ನಾಲಿಗೆ ಹೊಂದಿಕೊಳ್ಳುತ್ತದೆ.

4. ಅನ್ನ ಒಂದು ಸೌಟು ಕಡಿಮೆ ಮಾಡಿ, ಪಲ್ಯ ಒಂದು ಸೌಟು ಹೆಚ್ಚಿಸಿ.

ಬಾಯಿ ತಪಾಸಣೆಯ ಏರ್ಪಾಡನ್ನು ಸಂಘದ ಕಚೇರಿಯಲ್ಲೇ ಮಾಡುವ ವಿಷಯವನ್ನು ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಪ್ರಸ್ತಾಪಿಸಲಿದ್ದೇವೆ. ಸದಸ್ಯರು ಬೆಂಬಲಿಸಬೇಕೆಂದು ಕೋರಿಕೆ.

ನಾವು ಕವಳ ಬಿಟ್ಟು ಆರು ತಿಂಗಳಾಯಿತು. ಉರಿ ತಗ್ಗಿದೆ, ಮೂರನೆಯ ಬೆರಳು ಇನ್ನೂ ಒಳಗೆ ಹೋಗುತ್ತಿಲ್ಲ. ಈ ಸಲದ ಸುಲಿತಕ್ಕೆ ನಮ್ಮ ಮನೆಯ ಹರಿವಾಣದಲ್ಲಿ ಉಪ್ಪು ಶುಂಠಿ ಹಾಕಿ ಒಣಗಿಸಿದ ನೆಲ್ಲಿ ಅಡಿಕೆ ಇಟ್ಟಿದ್ದೇವೆ. ಹೆಸರಿನಲ್ಲಿ ಮಾತ್ರ ಅಡಿಕೆ. ಮೊದಲ ದಿನ ಎಲ್ಲರೂ ನಕ್ಕರು. ಮೂರನೆಯ ದಿನ ಹರಿವಾಣ ಖಾಲಿಯಾಗಿತ್ತು.

— ಕಾರ್ಯದರ್ಶಿ