ಅಂಗಡಿ ವೈಫೈಗೆ ವೇಷ ಹಾಕಿ ಬರೋ ಮೊಬೈಲ್: ಹಿಡಿಯೋದು ಹೇಗೆ?

ಬಿಲ್ಲಿಂಗ್ ಕಂಪ್ಯೂಟರ್, ಸಿಸಿ ಕ್ಯಾಮೆರಾ, ಮಾಲೀಕರ ಮೊಬೈಲ್ ಎಲ್ಲವೂ ಅಂಗಡಿಯ ಒಂದೇ ವೈಫೈನಲ್ಲಿ. 'ನಮ್ಮ ಸಾಧನ ಬಿಟ್ಟು ಬೇರೆ ಯಾವುದೂ ಕನೆಕ್ಟ್ ಆಗದ ಹಾಗೆ ಸೆಟ್ಟಿಂಗ್ ಮಾಡಿದ್ದೇವೆ, ಭಯ ಇಲ್ಲ' ಅಂತ ಕೆಲವರು ಹೇಳ್ತಾರೆ. ಆದರೆ ಆ ಬೀಗ ಅಷ್ಟು ಗಟ್ಟಿ ಅಲ್ಲ.

ನಂಬರ್ ಕದಿಯೋದು ಸುಲಭ

ವೈಫೈ ಇರುವ ಪ್ರತಿ ಸಾಧನಕ್ಕೂ ಮ್ಯಾಕ್ ಅಡ್ರೆಸ್ ಎಂಬ 12 ಸ್ಥಾನದ ಗುರುತು ಇರುತ್ತದೆ. ಆ ಸೆಟ್ಟಿಂಗ್ ಹಾಕಿದ ರೂಟರ್ ಇದನ್ನು ನೋಡಿಯೇ ಒಳಗೆ ಬಿಡುತ್ತದೆ. ವೈಫೈಗೆ ಪಾಸ್‌ವರ್ಡ್ ಇದ್ದರೂ ಈ ನಂಬರ್ ಗಾಳಿಯಲ್ಲಿ ಬಹಿರಂಗವಾಗಿಯೇ ಹೋಗುತ್ತದೆ. ಅದನ್ನು ನೋಡಿಕೊಂಡವನು ತನ್ನ ಲ್ಯಾಪ್‌ಟಾಪ್‌ಗೆ ಅದೇ ನಂಬರ್ ಹಾಕಿಕೊಳ್ಳಬಹುದು. ಬೇರೆಯವರ ಗಾಡಿ ನಂಬರನ್ನು ತನ್ನ ಬೈಕಿಗೆ ಬರೆಸಿಕೊಂಡ ಹಾಗೆ. ಗಿರಾಕಿಗಳಿಗೆಲ್ಲ ಪಾಸ್‌ವರ್ಡ್ ಹೇಳಿದ್ದರಂತೂ ಅವನು ನಿಮ್ಮ ಹೆಸರಲ್ಲೇ ಒಳಗೆ ಬಂದ ಹಾಗೆ!

ಪತ್ತೆ ಮಾಡೋದು ಹೇಗೆ?

ನಂಬರ್ ನಕಲು ಮಾಡಬಹುದು, ನಡವಳಿಕೆ ನಕಲು ಮಾಡೋದು ಕಷ್ಟ. ಸಾಧನ ಕಳಿಸುವ ಮಾಹಿತಿಯ ತುಣುಕುಗಳಿಗೆ 0ಯಿಂದ 4095ರವರೆಗೆ ಕ್ರಮಸಂಖ್ಯೆ ಇರುತ್ತದೆ. ಒಂದೇ ಹೆಸರಲ್ಲಿ ಇಬ್ಬರು ಕಳಿಸಿದರೆ ಕ್ರಮ ತಪ್ಪುತ್ತದೆ. ಕೌಂಟರ್ ಮೇಲಿನ ಕಂಪ್ಯೂಟರ್‌ನ ಸಿಗ್ನಲ್ ದಿಢೀರನೆ ರಸ್ತೆಯಾಚೆಯಿಂದ ಬಂದಂತೆ ಕುಗ್ಗಿದರೂ ಅನುಮಾನವೇ. ಒಂದೇ ಮಾಡೆಲ್‌ನ ಎರಡು ಮೊಬೈಲ್‌ಗಳ ರೇಡಿಯೋ ತರಂಗದಲ್ಲೂ ಕೂದಲೆಳೆಯಷ್ಟು ವ್ಯತ್ಯಾಸ ಇರುತ್ತದೆ. ಅವಳಿ ಮಕ್ಕಳ ದನಿಯನ್ನು ತಾಯಿ ಗುರುತಿಸೋ ಹಾಗೆ ಇದನ್ನೂ ಗುರುತಿಸಬಹುದು.

ಇಲ್ಲೇ ಮಷೀನ್ ಲರ್ನಿಂಗ್ ಕೆಲಸಕ್ಕೆ ಬರೋದು. ಅಸಲಿ ಸಾಧನದ ಸಾವಿರಾರು ದಾಖಲೆ ಕೊಟ್ಟರೆ ಅದರ ರೂಢಿಯನ್ನು ಕಂಪ್ಯೂಟರ್ ತಾನೇ ಕಲಿಯುತ್ತದೆ. ರೂಢಿ ತಪ್ಪಿದಾಗ ಎಚ್ಚರಿಸುತ್ತದೆ. ತಪ್ಪು ಎಚ್ಚರಿಕೆಯೂ ಬರುತ್ತೆ: ಅಂಗಡಿಯಲ್ಲಿ ಜನ ತುಂಬಿದರೂ, ಶಟರ್ ಎಳೆದರೂ ಸಿಗ್ನಲ್ ಬದಲಾಗುತ್ತದೆ. ಜೊತೆಗೆ ಆಂಡ್ರಾಯ್ಡ್ 10, ಐಒಎಸ್ 14ರಿಂದೀಚೆಗೆ ಮೊಬೈಲ್‌ಗಳೇ ಖಾಸಗಿತನಕ್ಕಾಗಿ ಬದಲಿ ನಂಬರ್ ಬಳಸುತ್ತವೆ. ಹಾಗಾಗಿ ಗೊತ್ತಿಲ್ಲದ ನಂಬರ್ ಕಂಡ ಕೂಡಲೇ ಕಳ್ಳ ಅನ್ನುವಂತಿಲ್ಲ.

ನೀವು ಏನು ಮಾಡಬೇಕು?

ಸಣ್ಣ ಅಂಗಡಿಯ ಸಾಮಾನ್ಯ ರೂಟರ್‌ನಲ್ಲಿ ಇಂಥ ಪತ್ತೆ ವ್ಯವಸ್ಥೆ ಇರಲ್ಲ. ಅದಕ್ಕೇ ಇಷ್ಟು ಮಾಡಿ:

- ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಆಯ್ಕೆ ಮಾಡಿ, ಉದ್ದನೆಯ ಪಾಸ್‌ವರ್ಡ್ ಇಡಿ.
- ಗಿರಾಕಿಗಳಿಗೆ 'ಗೆಸ್ಟ್' ವೈಫೈ ಬೇರೆ ಕೊಡಿ.
- ರೂಟರ್ ಜೊತೆ ಬಂದ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ.
- ಕೆಲಸ ಬಿಟ್ಟ ಹುಡುಗನಿಗೆ ಪಾಸ್‌ವರ್ಡ್ ಗೊತ್ತಿದ್ದರೆ ಅಂದೇ ಬದಲಿಸಿ.

ನಿಮ್ಮ ಕನೆಕ್ಷನ್‌ನಿಂದ ಯಾರಾದರೂ ತಪ್ಪು ಕೆಲಸ ಮಾಡಿದರೆ, ವಿಚಾರಿಸಿಕೊಂಡು ಮೊದಲು ಬರೋದು ನಿಮ್ಮ ಅಂಗಡಿ ಬಾಗಿಲಿಗೇ.