ಭಂಗಿಸೊಪ್ಪೂ ಸರ್ಕಾರದ ಎರಡು ಬಾಗಿಲುಗಳೂ

ಕಳೆದ ವರ್ಷ ಒಂದು ಸಂಜೆ ಪರಶುರಾಂಪುರದ ಕಡೆಯ ರೈತರೊಬ್ಬರು ನನ್ನ ಮನೆಗೆ ಬಂದರು. ಅವರ ಮಗ ನನ್ನ ವಿದ್ಯಾರ್ಥಿ. ಮುಂದಿನ ಸಾಲಿನಲ್ಲಿ ಕುಳಿತು ಹಳಗನ್ನಡ ಪದ್ಯಗಳಿಗೆ ಸೊಗಸಾಗಿ ಅರ್ಥ ಹೇಳುತ್ತಿದ್ದ ಹುಡುಗ ಮೊದಲು ಹಿಂದಿನ ಸಾಲಿಗೆ ಸರಿದು, ಆಮೇಲೆ ತರಗತಿಯಿಂದಲೇ ಮರೆಯಾಗಿದ್ದ. ತಂದೆ ಬಹಳ ಹೊತ್ತು ತಲೆ ತಗ್ಗಿಸಿ ಕುಳಿತಿದ್ದು, ಕಡೆಗೆ ಹೇಳಿದರು: “ಮೇಷ್ಟ್ರೇ, ಅವನ ಜೇಬಿನಾಗೆ ಗಾಂಜಾ ಪೊಟ್ಟಣ ಸಿಕ್ಕೈತೆ. ಆಸ್ಪತ್ರೆಗೆ ಕರ್ಕೊಂಡು ಹೋದ್ರೆ ಪೋಲೀಸ್ನೋರು ಹಿಡಿಯಲ್ವೆ?”

ಎಂ.ಎ. ಓದಿದ ನನ್ನಲ್ಲೂ ಆ ಪ್ರಶ್ನೆಗೆ ಉತ್ತರವಿರಲಿಲ್ಲ.

ಗಾಂಜಾ ನಮಗೆ ಹೊಸದಲ್ಲ. ಹಿರಿಯರು ಭಂಗಿಸೊಪ್ಪೆಂದು ಕರೆದದ್ದು ಈ ಗಿಡವನ್ನೇ. 1961ರ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ಸೇರಿದ ಭಾರತವು 1985ರಲ್ಲಿ ಮಾದಕ ವಸ್ತುಗಳ ಕಾಯಿದೆಯನ್ನು ಜಾರಿಗೆ ತಂದಿತು. ಗಾಂಜಾ 20 ಕಿಲೋ ಮೀರಿದರೆ 10ರಿಂದ 20 ವರ್ಷಗಳ ಕಠಿಣ ಸಜೆ; ಕನಿಷ್ಠ 1 ಲಕ್ಷ ರೂಪಾಯಿ ದಂಡ. ಕಾಯಿದೆ ಸಡಿಲವೆಂದು ಯಾರೂ ಹೇಳಲಾರರು.

ಪೋಲೀಸರೂ ಕೈಕಟ್ಟಿ ಕುಳಿತಿಲ್ಲ. 2020ರ ಸೆಪ್ಟೆಂಬರಿನಲ್ಲಿ ನೆರೆಯ ಮೊಳಕಾಲ್ಮೂರು ತಾಲ್ಲೂಕಿನ ರಾಂಪುರದ ಕಡೆ, ಎಕರೆಗಟ್ಟಲೆ ಬೆಳೆದಿದ್ದ ಗಾಂಜಾ ಅವರ ಕೈಗೆ ಸಿಕ್ಕಿತು. 2021ರ ಕೊನೆಯಲ್ಲಿ ಆಂಧ್ರ ಸರ್ಕಾರವು ‘ಪರಿವರ್ತನ’ವೆಂಬ ಕಾರ್ಯಾಚರಣೆ ನಡೆಸಿ ವಿಶಾಖಪಟ್ಟಣದ ಬೆಟ್ಟಸೀಮೆಯಲ್ಲಿ ಸಾವಿರಾರು ಎಕರೆ ಬೆಳೆಯನ್ನು ನಾಶಪಡಿಸಿತು. ಆದರೂ ಪೊಟ್ಟಣ ನಮ್ಮ ಹುಡುಗನ ಜೇಬನ್ನು ತಲುಪಿತು!

ಇದರಲ್ಲಿ ಆಶ್ಚರ್ಯವೇನು? ಮಳೆಯನ್ನೇ ನಂಬಿದ ಶೇಂಗಾ ಪದೇ ಪದೇ ಕೈಕೊಡುವ ಸೀಮೆ ನಮ್ಮದು. ಸಾಲದ ಹೊರೆ ಹೊತ್ತವನಿಗೆ ಆಮಿಷ ಒಡ್ಡುವುದು ಸುಲಭ. ಗಿಡ ಕಿತ್ತರೆ ಬೆಳೆದವನು ಸಿಕ್ಕಾನು. ಬೀಜ ಕೊಟ್ಟು ಮಾಲು ಕೊಳ್ಳುವ ಹಣವಂತ ಎಷ್ಟು ಸಲ ಸಿಕ್ಕಾನು? ವಶಪಡಿಸಿಕೊಂಡ ಮಾಲಿನ ತೂಕ ಪೋಲೀಸರ ಶ್ರಮವನ್ನು ಹೇಳುತ್ತದೆ. ಚಟ ತಗ್ಗಿತೆಂಬುದನ್ನು ಹೇಳುವುದಿಲ್ಲ.

ಸರ್ಕಾರಕ್ಕೆ ಇನ್ನೊಂದು ಬಾಗಿಲೂ ಉಂಟು. ಅಲ್ಪ ಪ್ರಮಾಣದ ವಸ್ತುವಿನೊಡನೆ ಸಿಕ್ಕ ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಗೆ ಸೇರಿ ಚಿಕಿತ್ಸೆಯನ್ನು ಪೂರೈಸಿದರೆ, ಅದೇ ಕಾಯಿದೆಯ 64-ಎ ವಿಧಿ ಅವನನ್ನು ಮೊಕದ್ದಮೆಯಿಂದ ಪಾರುಮಾಡುತ್ತದೆ. ಗಾಂಜಾಕ್ಕೆ ಈ ಮಿತಿ 1 ಕಿಲೋ. ಇದನ್ನು ತಿಳಿದ ತಂದೆತಾಯಿಯರು ಎಷ್ಟು ಮಂದಿ? ಮಾದಕ ವಸ್ತುಗಳಿಗೆ ದಾಸರಾದ ಸುಮಾರು 20 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಚಿಕಿತ್ಸೆಯ ನೆರವು ದೊರಕಿದೆಯೆಂದು ಕೇಂದ್ರ ಸರ್ಕಾರದ 2019ರ ಸಮೀಕ್ಷೆಯೇ ತಿಳಿಸಿತು. 2020ರ ಆಗಸ್ಟ್ 15ರಂದು ‘ನಶಾ ಮುಕ್ತ ಭಾರತ’ ಅಭಿಯಾನ ಆರಂಭವಾಯಿತು. ಸಲಹೆಗಾಗಿ 14446 ಎಂಬ ಉಚಿತ ದೂರವಾಣಿಯೂ ಇದೆ. ಜಾಥಾ, ಪ್ರತಿಜ್ಞೆಗಳು ಒಳ್ಳೆಯವೇ. ಆದರೆ ಪ್ರತಿಜ್ಞೆ ಮಾಡಿದ ಹುಡುಗ ಮನೆಗೆ ಮರಳಿದ ಮೇಲೆ ಅವನ ಕೈ ಹಿಡಿಯುವವರು ಯಾರು?

ಇದಕ್ಕೆ ಮಾದರಿಯನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ನೆರೆಯ ಬಳ್ಳಾರಿ ಜಿಲ್ಲೆಯಲ್ಲಿಯೇ 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆಯು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿಯಿತ್ತು, ಮಾನಸಿಕ ಚಿಕಿತ್ಸೆಯನ್ನು ಹಳ್ಳಿಯ ಬಾಗಿಲಿಗೆ ತಂದಿತು. 1996ರಲ್ಲಿ ಆರಂಭವಾದ ರಾಷ್ಟ್ರೀಯ ಯೋಜನೆಗೆ ಅದೇ ಮೇಲ್ಪಂಕ್ತಿ. ವ್ಯಸನದ ಚಿಕಿತ್ಸೆಯೂ ಹೀಗೆ ಹೋಬಳಿಗೆ ಬಂದ ದಿನ ಸರ್ಕಾರದ ಯತ್ನ ಫಲಿಸಿತೆನ್ನಬಹುದು. ಅಲ್ಲಿಯವರೆಗೆ ಅದು ಅರ್ಧ ಯತ್ನವೇ.

ವಿಚಾರಿಸಿ ತಿಳಿದ ಮೇಲೆ ತಂದೆ ಧೈರ್ಯ ಮಾಡಿ ಮಗನನ್ನು ಆಸ್ಪತ್ರೆಗೆ ಸೇರಿಸಿದರು. ಹುಡುಗ ಒಮ್ಮೆ ಜಾರಿ, ಮತ್ತೆ ಎದ್ದ. ಅವನಿನ್ನೂ ಮುಂದಿನ ಸಾಲಿಗೆ ಬಂದಿಲ್ಲ. ಆದರೆ ಹಾಜರಿ ಕೂಗಿದಾಗ ಆ ಹೆಸರಿಗೆ ಈಗ ಉತ್ತರ ಬರುತ್ತಿದೆ.